ಮೆಡಿಕಲ್, ಡೆಂಟಲ್ ಫಸ್ಟ್ ಇಯರ್‌ನಲ್ಲಿ ತಲೆಬುರುಡೆ ಕಲಿಯೋದು ಹೇಗೆ

ಕೈ ಕಾಲಿನ ಮೂಳೆಗಳು ಹೇಗೋ ಸಾಗಿಬಿಡತ್ತೆ, ಫೀಮರ್ ಆಗ್ಲಿ ಹ್ಯೂಮರಸ್ ಆಗ್ಲಿ ಗಟ್ಟಿಯಾಗಿ ಒಂದು ಸಂಜೆ ಕೂತ್ರೆ ತಲೆಗೆ ಹತ್ತತ್ತೆ, ಆದ್ರೆ ಹೆಡ್ ಅಂಡ್ ನೆಕ್ ಶುರುವಾಗಿ ಸ್ಕಲ್ ಕೈಗೆ ಬಂತು ಅಂದ್ರೆ ಹುಡುಗರೆಲ್ಲಾ ಫೊರಾಮೆನ್ (ನರ, ರಕ್ತನಾಳ ಹಾದುಹೋಗೋ ತೂತು) ಲಿಸ್ಟ್ ಹಿಡ್ಕೊಂಡು ಬಾಯಿಪಾಠಕ್ಕೆ ಕೂತ್ಕೊಳ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡ್ಬೇಡಿ. ಬುರುಡೆನ ಬೆರಳಲ್ಲಿ ಕಲೀಬೇಕು. ಒಂದು ತೂತಿಗೆ ವೈರ್ ಹಾಕಿ, ಅದು ಎಲ್ಲಿ ಆಚೆ ಬರತ್ತೆ ನೋಡಿ, ಆ ಜಾಗಾನ ನಿಮ್ಮ ಮುಖದ ಮೇಲೇ ಒತ್ತಿ ನೋಡಿದ್ರೆ ಆಮೇಲೆ ಲಿಸ್ಟ್ ತಾನಾಗೇ ನೆನಪಿರತ್ತೆ.

ಮೊದ್ಲು ಸಾಮಾನು ಹೊಂದಿಸ್ಕೊಳ್ಳಿ. ನಿಜವಾದ ಬುರುಡೆನ ಡಿಪಾರ್ಟ್‌ಮೆಂಟ್‌ನಲ್ಲೇ ಕೂತು ನೋಡಿ, ರೂಮಿಗೆ ಪ್ಲಾಸ್ಟಿಕ್ ಮಾಡೆಲ್ ಸಾಕು. ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, 1985ರಲ್ಲಿ ನಮ್ಮ ದೇಶ ಮನುಷ್ಯರ ಮೂಳೆ ರಫ್ತು ನಿಲ್ಸೋ ತನಕ ಕಲ್ಕತ್ತಾದಿಂದ ಪ್ರಪಂಚದ ಎಷ್ಟೋ ಮೆಡಿಕಲ್ ಕಾಲೇಜುಗಳಿಗೆ ಅಸ್ಥಿಪಂಜರ ಹೋಗ್ತಿತ್ತು, ಅದ್ರಲ್ಲಿ ಸತ್ತವರ ಒಪ್ಪಿಗೆ, ಮನೆಯವರ ಒಪ್ಪಿಗೆ ಯಾರೂ ಕೇಳದೇ ಬಂದ ಮೂಳೆಗಳೂ ಇದ್ವು. ಹಾಗಾಗಿ ಕೈಲಿರೋದು ಒಬ್ಬ ಮನುಷ್ಯನ ತಲೆ ಅನ್ನೋದು ನೆನಪಿರ್ಲಿ, ಸೆಲ್ಫೀ ಬೇಡ, ಹೆಸರಿಡೋದು ಬೇಡ. ಇನ್ನು ವೈರಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಣ್ಣ ಮೆತ್ತಗಿನ ಬಣ್ಣದ ವೈರ್ ಸಿಗತ್ತೆ, ಕೆಂಪು ಹಳದಿ ನೀಲಿ ಮೂರೂ ತಗೊಳ್ಳಿ, ಆರ್ಟರಿಗೆ ಕೆಂಪು, ನರ್ವ್‌ಗೆ ಹಳದಿ, ವೇನ್‌ಗೆ ನೀಲಿ. ಅಲ್ಲಿಂದ ನಡ್ಕೊಂಡೇ ಅವೆನ್ಯೂ ರೋಡಿಗೆ ಹೋದ್ರೆ ಸೆಕೆಂಡ್ ಹ್ಯಾಂಡ್ ಅಟ್ಲಾಸ್ ಹುಡುಕ್ಬೋದು, ಎಡಿಷನ್ ಹಳೇದಾದ್ರೆ ಚಿಂತೆ ಇಲ್ಲ, ಮೂಳೆ ಬದಲಾಗಿರಲ್ಲ. ಪೊರಕೆ ಕಡ್ಡಿ ಮಾತ್ರ ಬೇಡ್ವೇ ಬೇಡ, ತೆಳು ಮೂಳೆ ಒಡೆದುಹೋಗತ್ತೆ.

ಹಳೇ ಟವೆಲ್ ಸುತ್ತಿ ಬಿಂದಿಗೆಗೆ ಇಡ್ತಾರಲ್ಲ ಆ ಥರ ಸಿಂಬಿ ಮಾಡಿ ಅದ್ರ ಮೇಲೆ ಬುರುಡೆ ಇಡಿ, ಉರುಳಲ್ಲ. ಎತ್ತುವಾಗ ಎರಡೂ ಕೈ ಬೇಕು. ಕಣ್ಣಿನ ಗೂಡಿಗೆ ಬೆರಳು ಹಾಕಿ ಎತ್ತಬಾರ್ದು, ಅದ್ರ ಒಳಗೋಡೆಯ ಲ್ಯಾಕ್ರಿಮಲ್ ಮತ್ತು ಎತ್ಮಾಯ್ಡ್ ಮೂಳೆಗಳು ಕಾಗದದಷ್ಟು ತೆಳು. ಕೆನ್ನೆಯಿಂದ ಕಿವಿ ಕಡೆ ಹೋಗೋ ಕಮಾನು, ಅಂದ್ರೆ ಜೈಗೋಮ್ಯಾಟಿಕ್ ಆರ್ಚನ್ನ ಹಿಡಿ ಥರ ಹಿಡೀಬಾರ್ದು, ಕಿವಿ ಕೆಳಗಿನ ಸೂಜಿಯಂಥ ಸ್ಟೈಲಾಯ್ಡ್ ಪ್ರೋಸೆಸ್ ಅಂತೂ ಬಹಳಷ್ಟು ಬುರುಡೆಗಳಲ್ಲಿ ಆಗ್ಲೇ ಮುರಿದಿರತ್ತೆ, ಉಳಿದಿದ್ರೆ ಉಳಿಸಿ.

ಈಗ ದಿಕ್ಕು. ಆರ್ಬಿಟ್ ಅಂದ್ರೆ ಕಣ್ಣಿನ ಗೂಡಿನ ಕೆಳ ಅಂಚು, ಕಿವಿ ತೂತಿನ ಮೇಲಂಚು, ಎರಡೂ ಒಂದೇ ಮಟ್ಟಕ್ಕೆ ಬರೋ ಹಾಗಿಡಿ, ಇದೇ ಫ್ರಾಂಕ್‌ಫರ್ಟ್ ಪ್ಲೇನ್, ವೈವಾದಲ್ಲಿ, ಅಂದ್ರೆ ಬಾಯಿ ಪರೀಕ್ಷೆಯಲ್ಲಿ, ಬುರುಡೆ ಕೈಗೆ ಕೊಟ್ಟ ತಕ್ಷಣ ಹೀಗೇ ಹಿಡೀಬೇಕು. ಬೇಸ್ ಅಂದ್ರೆ ಬುರುಡೆಯ ತಳ ನೋಡೋಕೆ ತಲೆಕೆಳಗು ಮಾಡ್ದಾಗ ಎಡ ಬಲ ಕಲಸಿಹೋಗತ್ತೆ, ಅದಕ್ಕೊಂದು ಉಪಾಯ ಇದೆ: ಬುರುಡೆ ಮುಖಾನೂ ನೀವು ನೋಡ್ತಿರೋ ದಿಕ್ಕಿಗೇ ಇರ್ಲಿ, ಆಮೇಲೆ ಹಲ್ಲಿನ ಕಡೆಯಿಂದ ಮೇಲಕ್ಕೆತ್ತಿ ನಿಮ್ಮ ಕಡೆಗೆ ಹೊರಳಿಸಿ, ಪಕ್ಕಕ್ಕೆ ಉರುಳಿಸ್ಬೇಡಿ. ಹೀಗೆ ಮಾಡಿದ್ರೆ ಬೇಸ್ ಮೇಲೆ ಬಂದಾಗ್ಲೂ ಬಲ ನಿಮ್ಮ ಬಲಕ್ಕೇ ಇರತ್ತೆ.

ಲೆಕ್ಕ ಬೇಗ ಮುಗಿಸೋಣ. ದೊಡ್ಡವರ ಮೈಯಲ್ಲಿ 206 ಮೂಳೆ, ಬುರುಡೆಯಲ್ಲಿ 22, ಅದ್ರಲ್ಲಿ ಮೆದುಳು ಮುಚ್ಚೋದು 8, ಮುಖದ್ದು 14, ಎರಡೂ ಕಿವಿಯೊಳಗಿನ 6 ಪುಟ್ಟ ಮೂಳೆ ಮತ್ತು ಕತ್ತಿನ ಹಯಾಯ್ಡ್ ಲೆಕ್ಕ ಬೇರೆ. 22ರಲ್ಲಿ ಅಲ್ಲಾಡೋದು ಕೆಳದವಡೆ ಮ್ಯಾಂಡಿಬಲ್ ಒಂದೇ, ಕಿವಿ ಮುಂದೆ ಬೆರಳಿಟ್ಟು ಬಾಯಿ ಪೂರ್ತಿ ತೆಗೀರಿ, ಅದ್ರ ಹೆಡ್ ಮುಂದಕ್ಕೆ ಜಾರೋದು ಗೊತ್ತಾಗತ್ತೆ. ನೆತ್ತಿ ಮೇಲೆ ಕೊರೋನಲ್ ಮತ್ತು ಸ್ಯಾಜಿಟಲ್ ಸೂಚರ್ (ಮೂಳೆಗಳ ಹೊಲಿಗೆಯಂಥ ಕೂಡುಗೆರೆ) ಸೇರೋ ಜಾಗ ಬ್ರೆಗ್ಮಾ, ಮಗುಗೆ ಅಜ್ಜಿ ಎಣ್ಣೆ ಒತ್ತೋ ಮೆತ್ತನೆ ನೆತ್ತಿ ಇದೇ, ಸುಮಾರು 18 ತಿಂಗಳಿಗೆ ಮುಚ್ಚತ್ತೆ. ತಲೆ ಹಿಂದೆ ಸ್ಯಾಜಿಟಲ್ ಸೂಚರ್ ಮುಗಿಯೋ ಲ್ಯಾಂಬ್ಡಾ ಹತ್ರ ಇರೋ ಮೆತ್ತನೆ ಜಾಗ ಇನ್ನೂ ಬೇಗ, 2–3 ತಿಂಗಳಲ್ಲೇ.

ಈಗ ನಿಧಾನ ಮಾಡಿ, ಇಲ್ಲೇ ಹೆಚ್ಚು ಹೊತ್ತು ಕೂರ್ಬೇಕಾಗಿರೋದು. ಬೇಸ್ ಮೇಲೆ ಮಾಡಿ, ನಡುವಲ್ಲಿ ರೆಕ್ಕೆ ಬಿಚ್ಚಿದ ಹಾಗಿರೋ ಸ್ಫೀನಾಯ್ಡ್ ಮೂಳೆಯ ದೊಡ್ಡ ರೆಕ್ಕೆ, ಗ್ರೇಟರ್ ವಿಂಗ್ ಹುಡುಕಿ, ಅಲ್ಲಿ ಮೊಟ್ಟೆಯಾಕಾರದ ದೊಡ್ಡ ತೂತು ಫೊರಾಮೆನ್ ಓವಾಲೆ, ಅದ್ರ ಹಿಂದೆ ಸ್ವಲ್ಪ ಹೊರಗಡೆಗೆ ಚುಕ್ಕಿಯಷ್ಟು ಸಣ್ಣದು ಫೊರಾಮೆನ್ ಸ್ಪೈನೋಸಮ್. ಕೆಂಪು ವೈರನ್ನ ಸ್ಪೈನೋಸಮ್‌ನಿಂದ ಒಳಗೆ ಬಿಡಿ. ಸ್ಕಲ್ ಕ್ಯಾಪ್ ತೆಗೆದು ನೋಡಿದ್ರೆ ವೈರ್ ತುದಿ ಬಂದಲ್ಲಿಂದಲೇ ಮೂಳೆ ಮೇಲೆ ಒಂದು ಗೀರು ಶುರುವಾಗಿರತ್ತೆ, ಅದು ಮಿಡಲ್ ಮೆನಿಂಜಿಯಲ್ ಆರ್ಟರಿ ಅನ್ನೋ ರಕ್ತನಾಳ ಕೂತಿದ್ದ ಜಾಗ. ಗೀರಿನ ಮೇಲೇ ವೈರ್ ಓಡಿಸಿ, ಕವಲಾದ್ಮೇಲೆ ಮುಂದಿನ ಕವಲು ಹಿಡೀರಿ, ಅದು ನಿಮ್ಮನ್ನ ನೇರ ಟೀರಿಯಾನ್‌ಗೆ ಕರ್ಕೊಂಡು ಹೋಗತ್ತೆ. ಅಲ್ಲಿ ಫ್ರಾಂಟಲ್, ಪರೈಟಲ್, ಟೆಂಪೊರಲ್, ಸ್ಫೀನಾಯ್ಡ್ ನಾಲ್ಕೂ ಸೇರತ್ತೆ. ಒಳಗಿಂದ ಮೊಬೈಲ್ ಟಾರ್ಚ್ ಹಿಡೀರಿ, ತೆಳು ಮೂಳೆ ಇದ್ರೆ ಬೆಳಕು ಕೆಂಪಗೆ ಆಚೆಗೇ ಕಾಣತ್ತೆ. ಜೈಗೋಮ್ಯಾಟಿಕ್ ಆರ್ಚಿನ ಮಧ್ಯದಿಂದ ಸುಮಾರು 4 ಸೆಂಟಿಮೀಟರ್ ಮೇಲೆ ನಿಮ್ಮ ಕಪಾಲದ ಮೇಲೂ ಬೆರಳಿಟ್ಟು ನೋಡಿ. ಗಾಡಿಯಿಂದ ಬಿದ್ದು ಇಲ್ಲಿ ಏಟಾದ್ರೆ ಆ ಆರ್ಟರಿ ಹರಿದು ಮೂಳೆಗೂ ಡ್ಯೂರಾಗೂ (ಮೆದುಳಿನ ಹೊರಪೊರೆ) ನಡುವೆ ರಕ್ತ ತುಂಬ್ಕೊಳ್ಳತ್ತೆ, ಬಿದ್ದೋರು ಎದ್ದು ಚೆನ್ನಾಗೇ ಮಾತಾಡಿ ಕೆಲವು ಗಂಟೆ ಆದ್ಮೇಲೆ ಮಂಪರಿಗೆ ಜಾರ್ಬೋದು, ಅದಕ್ಕೇ ಏನೂ ಆಗಿಲ್ಲ ಅಂತ ಅವ್ರನ್ನ ಮನೆಗೆ ಕಳಿಸ್ಬಾರ್ದು. ಬೆಂಗಳೂರಲ್ಲಿ ಬರೀ ನೆತ್ತಿ ಮುಚ್ಚೋ ಟೋಪಿ ಹೆಲ್ಮೆಟ್ ಹಾಕೋರು ಇನ್ನೂ ಇದಾರೆ, ನಿಮ್ಮ ಮನೇಲಿ ಇದ್ರೆ ಈ ಜಾಗ ಮುಟ್ಟಿ ತೋರ್ಸಿ ಹೇಳಿ.

ಇನ್ನು ಟ್ರೈಜೆಮಿನಲ್, ಮುಖಕ್ಕೆ ಮೂರು ಕವಲಾಗಿ ಬರೋ ನರ. ಎಲ್ಲರೂ ಸಿಕ್ಕಿಹಾಕ್ಕೊಳ್ಳೋದು ಫೊರಾಮೆನ್ ರೊಟಂಡಮ್ ಹತ್ರ, ಯಾಕಂದ್ರೆ ಅದನ್ನ ಬೇಸ್ ಕೆಳಗಡೆ ಹುಡುಕ್ತಾರೆ, ಅಲ್ಲಿ ಕಾಣಲ್ಲ. ಒಳಗಿಂದ ನೋಡಿ, ಓವಾಲೆ ಮುಂದೆ ಒಳಗಡೆಗೆ ದುಂಡಗಿರತ್ತೆ, ಹಳದಿ ವೈರ್ ಹಾಕಿದ್ರೆ ಮುಂದಕ್ಕೆ ಹೋಗಿ ಮೇಲ್ದವಡೆ ಹಿಂದಿನ ಗುಳಿ, ಟೆರಿಗೋಪ್ಯಾಲಟೈನ್ ಫಾಸ್ಸಾ ಸೇರತ್ತೆ. ಮೇಲಿನ ಕವಲು ಸುಪೀರಿಯರ್ ಆರ್ಬಿಟಲ್ ಫಿಷರ್‌ನಿಂದ, ನಡುವಿಂದು ರೊಟಂಡಮ್‌ನಿಂದ, ಕೆಳಗಿಂದು ಓವಾಲೆಯಿಂದ. ಮೂರೂ ಮುಖಕ್ಕೆ ಬರೋ ಜಾಗ ನಿಮ್ಮಲ್ಲೇ ಹುಡುಕಿ: ಹುಬ್ಬಿನ ಕೆಳಗಿನ ಅಂಚಲ್ಲಿ ಒಳಗಿನ ಮೂರನೇ ಒಂದು ಭಾಗ ಮುಗಿಯೋ ಕಡೆ ಒತ್ತಿದ್ರೆ ಸುಪ್ರಾಆರ್ಬಿಟಲ್ ನಾಚ್, ಕಣ್ಣಿನ ಗೂಡಿನ ಕೆಳಗೆ ಇನ್‌ಫ್ರಾಆರ್ಬಿಟಲ್, ಗಲ್ಲದ ಪಕ್ಕ ಪ್ರೀಮೋಲಾರ್ ಹಲ್ಲುಗಳ ಕೆಳಗೆ ಮೆಂಟಲ್ ಫೊರಾಮೆನ್. ಮೂರೂ ಹೆಚ್ಚೂ ಕಡಿಮೆ ಒಂದೇ ಗೆರೆಯಲ್ಲಿ ಇರತ್ತೆ, ಡೆಂಟಲ್ ಓದೋರಿಗೆ ಜೀವನಪೂರ್ತಿ ಇಲ್ಲೇ ಕೆಲಸ.

ಮುಖದ ಸ್ನಾಯು ಆಡಿಸೋ ಫೇಶಿಯಲ್ ನರ್ವ್ ಬುರುಡೆಯೊಳಗಿನ ಇಂಟರ್ನಲ್ ಅಕೌಸ್ಟಿಕ್ ಮಿಯೇಟಸ್‌ ಅನ್ನೋ ತೂತಲ್ಲಿ ಒಳಗೆ ಹೋಗಿ ಸ್ಟೈಲಾಯ್ಡ್‌ಗೂ ಕಿವಿ ಹಿಂದಿನ ಉಬ್ಬು ಮ್ಯಾಸ್ಟಾಯ್ಡ್‌ಗೂ ನಡುವಿನ ಸ್ಟೈಲೋಮ್ಯಾಸ್ಟಾಯ್ಡ್ ಫೊರಾಮೆನ್‌ನಿಂದ ಆಚೆ ಬರತ್ತೆ, ಇದ್ರೊಳಗೆ ವೈರ್ ತಳ್ಳೋಕೆ ಹೋಗ್ಬೇಡಿ, ದಾರಿ ಸೊಟ್ಟ. ಹುಟ್ಟಿದ ಮಗುಗೆ ಮ್ಯಾಸ್ಟಾಯ್ಡ್ ಇನ್ನೂ ಬೆಳೆದಿರಲ್ಲ, ನರ ಚರ್ಮದ ಹತ್ರಾನೇ ಇರತ್ತೆ, ಫೋರ್ಸೆಪ್ಸ್ ಡೆಲಿವರಿಯಲ್ಲಿ ಏಟಾಗೋ ಭಯ ಅದಕ್ಕೇ. ಹಿಂದಿನ ಜುಗುಲರ್ ಫೊರಾಮೆನ್‌ನಲ್ಲಿ 9, 10, 11ನೇ ಕ್ರೇನಿಯಲ್ ನರ್ವ್‌ಗಳು (ಮೆದುಳಿಂದ ಬರೋ ನರಗಳು), ಪಕ್ಕದ ಹೈಪೊಗ್ಲಾಸಲ್ ಕೆನಾಲ್‌ನಲ್ಲಿ 12ನೇದು.

ಇಷ್ಟಾದ್ಮೇಲೆ ಹೊಸೂರು ರೋಡಿನ ನಿಮ್ಹಾನ್ಸ್‌ನಲ್ಲಿರೋ ಬ್ರೈನ್ ಮ್ಯೂಸಿಯಂಗೆ ಒಮ್ಮೆ ಹೋಗಿ, ಸಾರ್ವಜನಿಕರಿಗೂ ಬಿಡ್ತಾರೆ, ದಿನ ಸಮಯ ಮೊದ್ಲೇ ವಿಚಾರಿಸ್ಕೊಳ್ಳಿ. ಫ್ರಾಂಟಲ್ ಲೋಬ್ ಮುಂದಿನ ಫಾಸ್ಸಾದಲ್ಲಿ, ಟೆಂಪೊರಲ್ ಲೋಬ್ ನಡುವಿನದ್ರಲ್ಲಿ, ಸೆರೆಬೆಲ್ಲಮ್ ಹಿಂದಿನದ್ರಲ್ಲಿ ಕೂರತ್ತೆ ಅಂತ ಓದಿರ್ತೀರಲ್ಲ, ಖಾಲಿ ಬುರುಡೆ ನೋಡಿ ಹೋದವರಿಗೆ ಅಲ್ಲಿ ಒಂದೊಂದೂ ತಾಳೆ ಆಗತ್ತೆ.

ವೈವಾದಲ್ಲಿ ತೂತು ತೋರಿಸಿದ್ರೆ ಮೊದ್ಲು ಹೆಸರು, ಆಮೇಲೆ ಯಾವ ಮೂಳೆಯಲ್ಲಿದೆ, ಆಮೇಲೆ ಏನು ಹಾದುಹೋಗತ್ತೆ, ಇದೇ ಕ್ರಮದಲ್ಲಿ ಹೇಳಿ. ಪೆನ್ನಿನ ತುದಿಯಿಂದ ಕುಕ್ಕಿ ತೋರಿಸ್ಬೇಡಿ, ಇಂಕ್ ಕಲೆ ಹೋಗಲ್ಲ, ವೈರ್ ಜೇಬಲ್ಲಿಟ್ಕೊಂಡು ಹೋಗಿ, ಅದ್ರಲ್ಲೇ ತೋರಿಸಿ.