ಮೀಸಲು ಗುತ್ತಿಗೆ ನಮ್ಮವರೆಗೆ ಬಂದ ಬಗೆ

ಅಮೆರಿಕದ ಸೇನೆಯಲ್ಲಿದ್ದಾಗ ಬೆನ್ನುಮೂಳೆಗೆ ಪೆಟ್ಟು ಬಿದ್ದು ಹೊರಬಂದ ಮೇಲೆ, ಟೆಕ್ಸಾಸಿನಲ್ಲಿ ಕಂಪ್ಯೂಟರ್ ಜಾಲಗಳನ್ನು ನಿರ್ವಹಿಸುವ ಸಣ್ಣ ಸಂಸ್ಥೆಯೊಂದನ್ನು ಕಟ್ಟಿದೆ. ಸೇವೆಯಲ್ಲಿ ಅಂಗವಿಕಲರಾದ ಮಾಜಿ ಸೈನಿಕರ ಸಂಸ್ಥೆಗಳಿಗೆ ಇಷ್ಟು ಪಾಲು ಗುತ್ತಿಗೆ ಹೋಗಬೇಕೆಂಬ ಗುರಿ ಇಲ್ಲಿನ ಒಕ್ಕೂಟ ಸರ್ಕಾರಕ್ಕಿದೆ. 1999ರ ಕಾನೂನು ಅದನ್ನು ಶೇ 3 ಎಂದು ನಿಗದಿಪಡಿಸಿತ್ತು. ಈಗ ಶೇ 5 ಆಗಿದೆ. ಆದರೆ ಗುರಿ ಸರ್ಕಾರದ್ದು, ಅದರಿಂದ ಯಾವ ಸಂಸ್ಥೆಗೂ ತಾನಾಗಿ ಕೆಲಸ ಸಿಗುವುದಿಲ್ಲ.

ಸಂಸ್ಥೆ ಈ ವರ್ಗಕ್ಕೆ ಸೇರಿದ್ದೆಂಬ ದೃಢೀಕರಣವನ್ನು 2023ರ ಜನವರಿಯಿಂದ ಸಣ್ಣ ಉದ್ಯಮಗಳ ಆಡಳಿತ ಸಂಸ್ಥೆಯಾದ ಎಸ್‌ಬಿಎ ನೀಡುತ್ತಿದೆ. ಕನಿಷ್ಠ ಶೇ 51ರಷ್ಟು ಒಡೆತನವೂ ದಿನನಿತ್ಯದ ಆಡಳಿತವೂ ಅಂಗವಿಕಲ ಮಾಜಿ ಸೈನಿಕರ ಕೈಯಲ್ಲೇ ಇರಬೇಕು. ಅಂಗವೈಕಲ್ಯದ ಪ್ರಮಾಣ ಶೂನ್ಯವೆಂದು ನಮೂದಾಗಿದ್ದರೂ, ಅದು ಸೇವೆಯಿಂದಲೇ ಉಂಟಾದದ್ದೆಂಬ ಅಧಿಕೃತ ಪತ್ರವಿದ್ದರೆ ಸಾಕು. ಇದನ್ನರಿಯದೆ ಹಿಂದೆ ಸರಿದ ಗೆಳೆಯರನ್ನು ಕಂಡು ನನಗೆ ನೋವಾಗಿದೆ. ಸರ್ಕಾರಿ ಗುತ್ತಿಗೆ ಬಯಸುವವರು ಹೆಸರು ದಾಖಲಿಸುವ ಸರ್ಕಾರದ ಸ್ಯಾಮ್ ಜಾಲತಾಣದ ನೋಂದಣಿಯೂ ಈ ದೃಢೀಕರಣವೂ ಉಚಿತ. ಹಣ ಕೇಳಿ ಬರುವ ಪತ್ರಗಳು ಸರ್ಕಾರದವಲ್ಲ.

ನಿಜವಾದ ಕೆಲಸ ಟೆಂಡರ್ ಹೊರಬೀಳುವುದಕ್ಕೆ ಮೊದಲೇ ನಡೆಯುತ್ತದೆ. ಅರ್ಹವಾದ ಕನಿಷ್ಠ ಎರಡು ಸಂಸ್ಥೆಗಳು ನ್ಯಾಯವಾದ ಬೆಲೆಗೆ ಮುಂದೆ ಬರುತ್ತವೆಂಬ ನಿರೀಕ್ಷೆಗೆ ಆಧಾರವಿದ್ದರೆ ಮಾತ್ರ ಗುತ್ತಿಗೆ ಅಧಿಕಾರಿಯು ಸ್ಪರ್ಧೆಯನ್ನು ನಮ್ಮ ವರ್ಗಕ್ಕೆ ಮೀಸಲಿಡಬಹುದು. ಮಾಜಿ ಸೈನಿಕರ ಇಲಾಖೆಗೆ ಈ ನಿಯಮ ಕಡ್ಡಾಯವೆಂದು ಕಿಂಗ್‌ಡಂವೇರ್ ಎಂಬ ಸಂಸ್ಥೆಯ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2016ರಲ್ಲಿ ತೀರ್ಪಿತ್ತಿತು; ಉಳಿದ ಇಲಾಖೆಗಳಲ್ಲಿ ಅಧಿಕಾರಿಯ ವಿವೇಚನೆಗೆ ಹೆಚ್ಚು ಅವಕಾಶವಿದೆ. ಅರ್ಹರು ಯಾರಿದ್ದಾರೆಂದು ಅವರು ಅರಿಯುವ ಮುಖ್ಯ ದಾರಿ 'ಸೋರ್ಸಸ್ ಸಾಟ್' ಎಂಬ ಪ್ರಕಟಣೆ. ಅದರಲ್ಲಿ ಹಣವಿಲ್ಲ, ಗುತ್ತಿಗೆಯಿಲ್ಲ, ಬರೀ ಪ್ರಶ್ನೆಗಳಿರುತ್ತವೆ. ಹಾಗಾಗಿ ಅನೇಕರು ಅದನ್ನು ಓದದೆಯೇ ಬಿಡುತ್ತಾರೆ.

ನಾನು ಇಂಥ ಪ್ರಕಟಣೆಗಳಿಗೆ ಕೇಳಿದ್ದಕ್ಕಷ್ಟೇ ನೇರವಾಗಿ ಉತ್ತರಿಸುತ್ತಾ ಬಂದೆ: ಇದೇ ಬಗೆಯ ಕೆಲಸವನ್ನು ಎಲ್ಲಿ, ಎಷ್ಟು ಮೊತ್ತಕ್ಕೆ ಮಾಡಿದ್ದೇವೆ, ಯಾವ ಭಾಗವನ್ನು ನಮ್ಮ ನೌಕರರೇ ಮಾಡುತ್ತಾರೆ ಎಂದು. ಸೇವಾ ಗುತ್ತಿಗೆಯ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಮ್ಮ ವರ್ಗಕ್ಕೆ ಸೇರದ ಉಪಗುತ್ತಿಗೆದಾರರಿಗೆ ಕೊಡುವಂತಿಲ್ಲವಾದ್ದರಿಂದ ಕೊನೆಯ ವಿವರಕ್ಕೆ ತೂಕ ಹೆಚ್ಚು. ಜೊತೆಗೆ, ಒಮ್ಮೆ ಒಂದು ಕೆಲಸದ ಪ್ರಕಟಣೆ ಬಂದಾಗ, ನನ್ನಂತೆಯೇ ಅರ್ಹರಾದ ಇನ್ನೊಬ್ಬ ಮಾಜಿ ಸೈನಿಕರಿಗೂ ಫೋನ್ ಮಾಡಿ, ಪ್ರಕಟಣೆಯನ್ನು ತೋರಿಸಿ, ಅವರೂ ಉತ್ತರಿಸಬೇಕೆಂದು ಕೇಳಿಕೊಂಡೆ. ಪ್ರತಿಸ್ಪರ್ಧಿಯನ್ನು ನಾವೇ ಕರೆಯುವುದೇ ಎಂದು ಮನೆಯಲ್ಲಿ ಆಕ್ಷೇಪವೆದ್ದಿತು. ಆದರೆ ಎರಡನೆಯ ಉತ್ತರ ಹೋಗದಿದ್ದರೆ ಆ ಕೆಲಸ ಮೀಸಲಾಗದೆ ದೊಡ್ಡ ಕಂಪನಿಗಳ ಜೊತೆಗಿನ ಮುಕ್ತ ಸ್ಪರ್ಧೆಗೆ ಹೋಗುವ ಸಂಭವವಿತ್ತು. ಕೆಲಸ ಮೀಸಲಾಯಿತು, ಬೆಲೆಯ ವಿಷಯದಲ್ಲಿ ನಾವಿಬ್ಬರೂ ಒಂದು ಮಾತೂ ಆಡದೆ, ಕಾನೂನು ಬಯಸುವಂತೆ ಬೇರೆಬೇರೆಯಾಗಿ ಸ್ಪರ್ಧಿಸಿದೆವು, ಗುತ್ತಿಗೆ ನಮಗೆ ಸಿಕ್ಕಿತು. ಮುಂದಿನ ಪ್ರಕಟಣೆಯೊಂದನ್ನು ನನ್ನ ಗಮನಕ್ಕೆ ತಂದವರು ಅವರೇ.