ಕೋಡ್ ತಪಾಸಣೆ ಮಾಡುವ ಟೂಲ್‌ಗೆ ಟೆಸ್ಟ್ ಬರೆಯುವುದು ಹೇಗೆ?

ಕೋಡ್‌ನಲ್ಲಿ ತಪ್ಪು ಹುಡುಕಬೇಕಾದ ಟೂಲ್ ಸುಳ್ಳು ವಾರ್ನಿಂಗ್ ಕೊಡುತ್ತಿದ್ದರೆ, ಪ್ರೋಗ್ರಾಮರ್‌ಗಳು ನಿಜವಾದ ವಾರ್ನಿಂಗ್ ಓದುವುದನ್ನೂ ಬಿಡುತ್ತಾರೆ. ಆದ್ದರಿಂದ ಎಲ್ಲಿ ಸುಮ್ಮನಿರಬೇಕೋ ಅಲ್ಲಿ ಟೂಲ್ ಸುಮ್ಮನಿದೆಯೇ ಎಂದು ಪರೀಕ್ಷಿಸುವುದೇ ಇಲ್ಲಿ ದೊಡ್ಡ ಕೆಲಸ.

ಇಂಥ ಟೂಲ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಪದರ ಇರುತ್ತವೆ. ಲೆಕ್ಸರ್ ಅಕ್ಷರಗಳನ್ನು ಟೋಕನ್‌ಗಳಾಗಿ, ಅಂದರೆ ಹೆಸರು, ಸಂಖ್ಯೆ, ಚಿಹ್ನೆಯಂಥ ಬಿಡಿ ತುಣುಕುಗಳಾಗಿ ಒಡೆಯುತ್ತದೆ. ಪಾರ್ಸರ್ ಅವುಗಳಿಂದ ಕೋಡ್‌ನ ರಚನೆ ತೋರಿಸುವ ಟ್ರೀ ಕಟ್ಟುತ್ತದೆ. ಯಾವ ವೇರಿಯಬಲ್‌ನ ಮೌಲ್ಯ ಎಲ್ಲಿಗೆ ಹರಿಯುತ್ತದೆ ಎಂದು ಮೂರನೆಯ ಪದರ ಲೆಕ್ಕ ಹಾಕುತ್ತದೆ. ಯಾವುದಕ್ಕೆ ವಾರ್ನಿಂಗ್ ಕೊಡಬೇಕು ಎಂದು ನಿರ್ಧರಿಸುವ ರೂಲ್‌ಗಳು ಅದರ ಮೇಲೆ ಕೂರುತ್ತವೆ. ಟೆಸ್ಟ್ ಬರೆಯುವುದನ್ನು ಕೆಳಗಿನಿಂದ ಶುರು ಮಾಡಿ. ಪಾರ್ಸರ್ ತಪ್ಪಿದ್ದರೆ ಸೋಲುವುದು ರೂಲ್‌ನ ಟೆಸ್ಟ್, ನೀವು ಹುಡುಕುವುದೂ ರೂಲ್‌ನಲ್ಲೇ!

ಲೆಕ್ಸರ್‌ನಲ್ಲಿ ಟೋಕನ್ ಜೊತೆಗೆ ಅದರ ಸಾಲು, ಕಾಲಂ ಸಂಖ್ಯೆಯನ್ನೂ ಪರೀಕ್ಷಿಸಿ. ಟ್ಯಾಬ್ ಇರುವ ಸಾಲು, ಇಂಗ್ಲಿಷ್ ಅಲ್ಲದ ಅಕ್ಷರ ಇರುವ ಸ್ಟ್ರಿಂಗ್ ಎರಡೂ ಬೇಕು. 'ಕ್ಷ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡ್‌ನಲ್ಲಿ ಅದು 3 ಕೋಡ್ ಪಾಯಿಂಟ್ (ಅಕ್ಷರದ ಭಾಗಗಳಿಗೆ ಕೊಟ್ಟ ಸಂಖ್ಯೆ), ಫೈಲ್‌ನಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ 9 ಬೈಟ್. ಎಣಿಕೆ ತಪ್ಪಿದರೆ ಎಡಿಟರ್‌ನಲ್ಲಿ ತಪ್ಪು ತೋರಿಸುವ ಕೆಂಪು ಗೆರೆ ಪಕ್ಕದ ಪದದ ಕೆಳಗೆ ಬೀಳುತ್ತದೆ.

ಪಾರ್ಸರ್‌ಗೆ ಒಂದು ಒಳ್ಳೆಯ ಉಪಾಯ ಇದೆ. ಟ್ರೀಯಿಂದ ಮತ್ತೆ ಕೋಡ್ ಬರೆಸಿ, ಅದನ್ನು ಇನ್ನೊಮ್ಮೆ ಪಾರ್ಸ್ ಮಾಡಿಸಿ. ಎರಡು ಟ್ರೀಗಳ ರಚನೆ ಒಂದೇ ಆಗಿರಬೇಕು. ಅರ್ಧ ಟೈಪ್ ಮಾಡಿದ ಕೋಡ್ ಕೂಡ ಕೊಟ್ಟು ನೋಡಿ. ತಪ್ಪಿದೆ ಎಂದು ಪಾರ್ಸರ್ ಹೇಳಲಿ, ಆದರೆ ಕ್ರ್ಯಾಶ್ ಆಗಬಾರದು. ಪ್ರೋಗ್ರಾಂಗಳನ್ನು ಯಾದೃಚ್ಛಿಕವಾಗಿ ಹುಟ್ಟಿಸಿ ಪರೀಕ್ಷಿಸುವುದೂ ಫಲ ಕೊಡುತ್ತದೆ. ಸಿಸ್ಮಿತ್ ಎಂಬ ಟೂಲ್ ಹೀಗೆ ಸಿ ಪ್ರೋಗ್ರಾಂಗಳನ್ನು ಹುಟ್ಟಿಸಿ ಕಂಪೈಲರ್‌ಗಳಲ್ಲಿ 325ಕ್ಕೂ ಹೆಚ್ಚು ಬಗ್ ಹಿಡಿದಿತ್ತು ಎಂದು 2011ರಲ್ಲಿ ಪ್ರಕಟವಾಯಿತು.

ಮೂರನೆಯ ಪದರ ಮತ್ತು ರೂಲ್‌ಗಳಿಗೆ ಹೆಚ್ಚು ಸಮಯ ಕೊಡಿ. ಪ್ರತಿ ತಪ್ಪು ಕೋಡ್‌ಗೂ ಅದರಂತೆಯೇ ಕಾಣುವ ಸರಿ ಕೋಡ್ ಒಂದನ್ನು ಜೋಡಿಯಾಗಿ ಬರೆಯಿರಿ. ವೇರಿಯಬಲ್ ನಲ್ (ಖಾಲಿ) ಆಗಿರಬಹುದು, ಚೆಕ್ ಮಾಡದೆ ಬಳಸಿದ್ದಾರೆ: ವಾರ್ನಿಂಗ್ ಬರಬೇಕು. ಚೆಕ್ ಮಾಡಿ ಬಳಸಿದ್ದಾರೆ: ಬರಬಾರದು. ಚೆಕ್ ಆದ ಮೇಲೆ ಮತ್ತೆ ನಲ್ ಹಾಕಿ ಬಳಸಿದ್ದಾರೆ: ಬರಲೇಬೇಕು. ಮೂರನೆಯದನ್ನು ಬಿಟ್ಟುಬಿಡುವವರೇ ಜಾಸ್ತಿ. ಜಾವಾಸ್ಕ್ರಿಪ್ಟ್ ಕೋಡ್ ತಪಾಸಣೆ ಮಾಡುವ ಇಎಸ್‌ಲಿಂಟ್‌ನ ರೂಲ್ ಟೆಸ್ಟರ್‌ನಲ್ಲಿ ಸರಿ ಕೋಡ್, ತಪ್ಪು ಕೋಡ್ ಎರಡಕ್ಕೂ ಪ್ರತ್ಯೇಕ ಪಟ್ಟಿ ಇದೆ. ಸಿ, ಸಿ++ ಕಂಪೈಲರ್ ಆದ ಕ್ಲಾಂಗ್‌ನಲ್ಲಿ, ಬರಬೇಕಾದ ವಾರ್ನಿಂಗ್ ಅನ್ನು ಟೆಸ್ಟ್ ಫೈಲ್‌ನಲ್ಲೇ ಕಾಮೆಂಟ್ ಆಗಿ ಬರೆಯುತ್ತಾರೆ. ಒಂದು ವಾರ್ನಿಂಗ್ ತಪ್ಪಿಹೋದರೂ, ಒಂದು ಹೆಚ್ಚು ಬಂದರೂ ಟೆಸ್ಟ್ ಫೇಲ್.

ಇಡೀ ಟೂಲ್ ಓಡಿಸುವ ಟೆಸ್ಟ್ ಕೆಲವೇ ಸಾಕು. ನಿಜವಾದ ಪ್ರಾಜೆಕ್ಟ್ ಒಂದರ ಮೇಲೆ ಓಡಿಸಿ, ಬಂದ ವರದಿಯನ್ನು ಫೈಲ್‌ನಲ್ಲಿ ಇಟ್ಟುಕೊಳ್ಳಿ. ಮುಂದಿನ ಸಲ ಅದರ ಜೊತೆ ಹೋಲಿಸಿ. ಹೋಲಿಸುವ ಮೊದಲು ವಾರ್ನಿಂಗ್‌ಗಳನ್ನು ಫೈಲ್ ಹೆಸರು, ಸಾಲಿನ ಪ್ರಕಾರ ಜೋಡಿಸಿ, ಇಲ್ಲದಿದ್ದರೆ ಬರೀ ಕ್ರಮ ಬದಲಾದರೂ ಟೆಸ್ಟ್ ಮುರಿಯುತ್ತದೆ. ವ್ಯತ್ಯಾಸ ಬಂದಾಗ ಓದಿ ನೋಡದೆ ಹೊಸ ಫೈಲ್ ಒಪ್ಪಿಕೊಳ್ಳಬೇಡಿ. ಬಳಕೆದಾರರು ಸುಳ್ಳು ವಾರ್ನಿಂಗ್ ತೋರಿಸಿಕೊಟ್ಟರೆ, ಆ ಕೋಡನ್ನು ನಾಲ್ಕೈದು ಸಾಲಿಗೆ ಇಳಿಸಿ, ತಪ್ಪು ಯಾವ ಪದರದ್ದೋ ಆ ಪದರದ ಟೆಸ್ಟ್‌ಗಳಿಗೇ ಸೇರಿಸಿ.