ಭಾನುವಾರದ ಪಾಠ ಮುಂದಿನ ಭಾನುವಾರಕ್ಕೂ ನೆನಪಿರಬೇಕಾದರೆ

ದಾವಣಗೆರೆಯ ನಮ್ಮ ಸಂಡೇ ಸ್ಕೂಲಿನಲ್ಲಿ ಒಂದು ಭಾನುವಾರ ಬಿತ್ತುವವನ ಸಾಮ್ಯ ಹೇಳಿದ್ದೆ. ಅಂದರೆ ರೈತ ಬಿತ್ತಿದ ಕಾಳು ದಾರಿ, ಕಲ್ಲು, ಮುಳ್ಳು, ಒಳ್ಳೆ ಮಣ್ಣಿನ ಮೇಲೆ ಬೀಳುವ, ಯೇಸು ಹೇಳಿದ ದೃಷ್ಟಾಂತ ಕಥೆ. ಚಿತ್ರ ತೋರಿಸಿದೆ, ಹಾಡು ಹೇಳಿಸಿದೆ. ಮಕ್ಕಳು ಬಿಟ್ಟ ಕಣ್ಣು ಬಿಟ್ಟ ಹಾಗೇ ಕೇಳಿದರು. ಮುಂದಿನ ವಾರ ಬಂದು, "ಹೋದ ವಾರ ಏನು ಕಲಿತ್ವಿ?" ಅಂದೆ. ಯಾರೂ ತುಟಿ ಬಿಚ್ಚಲಿಲ್ಲ. ಕೊನೆಗೆ ಒಬ್ಬ ಹುಡುಗ ಎದ್ದು ನಿಂತು, "ಒಬ್ಬ ರೈತ ಇದ್ದ..." ಅಂದ. ಅಷ್ಟೇ, ಅಲ್ಲಿಗೇ ನಿಂತುಬಿಟ್ಟ.

ಆವತ್ತು ತುಂಬಾ ಬೇಜಾರಾಗಿತ್ತು. ಮಕ್ಕಳಿಗೆ ಗಮನವಿಲ್ಲ ಅಂದುಕೊಂಡೆ. ಆದರೆ ಗಮನಕ್ಕೆ ಏನೂ ಕೊರತೆ ಇರಲಿಲ್ಲ. ನಾನು ಮುಕ್ಕಾಲು ಗಂಟೆ ಹೇಳಿದ್ದೆ, ಅವರು ಕೇಳಿದ್ದರು. ನೆನಪು ಮಾಡಿಕೊಳ್ಳುವ ಕೆಲಸವನ್ನು ಮಾತ್ರ ಯಾರೂ ಅವರಿಗೆ ಕೊಟ್ಟಿರಲಿಲ್ಲ. ಅಲ್ಲಿಂದ ಪಾಠದ ಕ್ರಮ ಬದಲಾಯಿಸಿದೆ. ನೀವು ಸಂಡೇ ಸ್ಕೂಲ್ ಟೀಚರಾಗಿರಲಿ, ಕ್ಯಾಟಿಕಿಸಂ (ಮಕ್ಕಳ ಧರ್ಮಬೋಧೆ) ತೆಗೆದುಕೊಳ್ಳುವ ಸಿಸ್ಟರ್ ಆಗಿರಲಿ, ಇದನ್ನು ಮಾಡಿ ನೋಡಬಹುದು.

ಮೊದಲು ಕೇಳಿ, ಆಮೇಲೆ ಹೇಳಿ

ತರಗತಿ ಶುರುವಾದ ತಕ್ಷಣ ಬೈಬಲ್ ತೆರೆಸಬೇಡಿ. ಹೋದ ವಾರದ್ದು ಒಂದು ಪ್ರಶ್ನೆ, ಹೋದ ತಿಂಗಳದ್ದು ಒಂದು ಪ್ರಶ್ನೆ ಕೇಳಿ. ಕೇಳಿದ ಮೇಲೆ ಸುಮ್ನೆ ಇರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಇದು ಹೇಳಿದಷ್ಟು ಸುಲಭ ಅಲ್ಲ, ಮೂರಕ್ಕೆ ಬರುವಷ್ಟರಲ್ಲಿ ನಾವೇ ಉತ್ತರ ಹೇಳಿಬಿಡುತ್ತೇವೆ. ಹೇಳಬೇಡಿ. ಮಗು ತಡಕಾಡುವ ಆ ಹೊತ್ತಿನಲ್ಲೇ ನೆನಪು ಗಟ್ಟಿಯಾಗುತ್ತದೆ.

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಚಿಕ್ಕ ಗದ್ಯ ಕೊಟ್ಟರು. ಒಂದನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಂದೇ ಸಲ ಓದಿಸಿ, ನೋಡದೆ ನೆನಪಿದ್ದಷ್ಟು ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಜಾಸ್ತಿ ನೆನಪಿತ್ತು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತ್ತು. ಎರಡು ಸಲ ಓದಿದ್ದರಲ್ಲಿ ಶೇ. 42ರಷ್ಟು, ನೋಡದೆ ಬರೆದಿದ್ದರಲ್ಲಿ ಶೇ. 56ರಷ್ಟು ಉಳಿದಿತ್ತು. ನಮಗೆ ಬೇಕಾಗಿರುವುದು ಐದು ನಿಮಿಷದ ನೆನಪಲ್ಲ, ವಾರದ ನೆನಪು ಅಲ್ವಾ?

ಉತ್ತರ ತಪ್ಪಾದರೆ ಗದರಬೇಡಿ. "ಹತ್ತಿರ ಬಂದಿದ್ದೀಯ ಕಣಪ್ಪ" ಅಂದು ಇನ್ನೊಂದು ಮಗುವಿಗೆ ಕೊಡಿ. ಕೊನೆಯಲ್ಲಿ ಸರಿ ಉತ್ತರ ಎಲ್ಲರ ಕಿವಿಗೂ ಬೀಳಲಿ.

ಬಾಯಿಪಾಠದ ವಾಕ್ಯಕ್ಕೆ ಡಸ್ಟರ್ ಸಾಕು

ಬೈಬಲಿನ ಇಪ್ಪತ್ತಮೂರನೇ ಕೀರ್ತನೆಯಲ್ಲಿ ಆರೇ ವಚನ. ವಾರಕ್ಕೊಂದರಂತೆ ಆರು ವಾರ ಇಟ್ಟುಕೊಳ್ಳಿ. ವಚನವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ. ಎಲ್ಲರೂ ಒಂದು ಸಲ ಓದಲಿ. ಒಂದು ಪದ ಒರೆಸಿ, ಮತ್ತೆ ಹೇಳಿಸಿ. ಇನ್ನೊಂದು ಒರೆಸಿ, ಮತ್ತೆ. ಕೊನೆಗೆ ಖಾಲಿ ಬೋರ್ಡ್ ನೋಡಿಕೊಂಡು ಮಕ್ಕಳು ಪೂರ್ತಿ ವಚನ ಹೇಳುತ್ತಾರೆ. ಅವರ ಕಣ್ಣು ಒರೆಸಿದ ಜಾಗಕ್ಕೇ ಹೋಗುವುದನ್ನು ನೀವೇ ನೋಡಬಹುದು. ಎರಡನೇ ವಾರ ಎರಡನೇ ವಚನಕ್ಕೆ ಮೊದಲು ಮೊದಲನೆಯದನ್ನು ಹೇಳಿಸುವುದನ್ನು ಮರೆಯಬೇಡಿ.

ಮೂರು ಮಿಠಾಯಿ ಡಬ್ಬಿ

ಜರ್ಮನಿಯ ಮನಶ್ಶಾಸ್ತ್ರಜ್ಞ ಹೆರ್ಮನ್ ಎಬ್ಬಿಂಗ್‌ಹೌಸ್ ಅರ್ಥವೇ ಇಲ್ಲದ ಅಕ್ಷರಗಳ ಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದ. 1885ರಲ್ಲಿ ಅದನ್ನು ಪ್ರಕಟಿಸಿದ. ಮರೆವಿನ ದೊಡ್ಡ ಪಾಲು ಮೊದಲ ದಿನವೇ ಆಗಿಬಿಡುತ್ತದೆ, ಆಮೇಲೆ ನಿಧಾನ. ಬಿಟ್ಟು ಬಿಟ್ಟು ನೆನಪಿಸಿದರೆ ಪಾಠ ಉಳಿಯುತ್ತದೆ. ಇದು ನಮ್ಮ ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದೇ ದಿನ ಸುರಿದ ಮಳೆ ಹಳ್ಳಕ್ಕೆ ಹರಿದುಹೋಗುತ್ತದೆ, ವಾರ ಬಿಟ್ಟು ವಾರ ಬಂದ ಹದಮಳೆಗೆ ಶೇಂಗಾ ಏಳುತ್ತದೆ.

ಹಳೆಯ ಲಗ್ನಪತ್ರಿಕೆ ಕತ್ತರಿಸಿ ಚೀಟಿ ಮಾಡಿಕೊಳ್ಳಿ. ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ. ಮೂರು ಖಾಲಿ ಮಿಠಾಯಿ ಡಬ್ಬಿ ಇಡಿ. ಮೊದಲ ಡಬ್ಬಿಯ ಚೀಟಿ ಪ್ರತಿ ಭಾನುವಾರ ತೆಗೆಯುವುದು, ಎರಡನೆಯದು ಎರಡು ವಾರಕ್ಕೊಮ್ಮೆ, ಮೂರನೆಯದು ತಿಂಗಳಿಗೊಮ್ಮೆ. ಮಕ್ಕಳು ಸರಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ ಹೋಗುತ್ತದೆ, ತಪ್ಪಿದ್ದು ವಾಪಸ್ ಮೊದಲ ಡಬ್ಬಿಗೆ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬವರು ಈ ಉಪಾಯವನ್ನು ಜನಪ್ರಿಯ ಮಾಡಿದರು. ಹತ್ತು ನಿಮಿಷಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ.

ಊರಿನ ನೆಲಕ್ಕೆ ಕಟ್ಟಿಹಾಕಿ

ಬಿತ್ತುವವನ ಸಾಮ್ಯವನ್ನು ಮತ್ತೆ ಹೇಳಿದಾಗ ಹಳ್ಳಿಯ ಕಡೆಯಿಂದ ಬರುವ ಹುಡುಗಿಯೊಬ್ಬಳು, "ಕೂರಿಗೇಲಿ ಬಿತ್ತಿದ್ರೆ ಕಾಳು ದಾರಿ ಮೇಲೆ ಯಾಕ್ ಬೀಳುತ್ತೆ ಟೀಚರ್?" ಅಂದಳು. ಎಂಥ ಒಳ್ಳೆ ಪ್ರಶ್ನೆ! ಅವಳಪ್ಪ ಕೂರಿಗೆ ಹೂಡುವುದನ್ನು ಅವಳು ನೋಡಿದ್ದಾಳೆ. ಕಥೆಯಲ್ಲಿರುವವನು ಕೈಯಿಂದ ಕಾಳು ಚೆಲ್ಲುತ್ತಾನೆ ಅಂತ ಹೇಳಿದೆ. ಅಂಗಳಕ್ಕೆ ಹೋಗಿ ಒಂದು ಹಿಡಿ ರಾಗಿ ಚೆಲ್ಲಿ ನೋಡಿದೆವು. ಕಲ್ಲಿನ ಮೇಲೆ ಎಷ್ಟು ಬಿತ್ತು, ಹುಲ್ಲಿನೊಳಗೆ ಎಷ್ಟು, ಮಣ್ಣಿಗೆ ಎಷ್ಟು ಅಂತ ಮಕ್ಕಳೇ ಎಣಿಸಿದರು. ಆ ಪಾಠವನ್ನು ಆಮೇಲೆ ಯಾವಾಗ ಕೇಳಿದರೂ ಅವರು ಮೊದಲು ನೆನಪಿಸಿಕೊಳ್ಳುವುದು ಆ ಅಂಗಳವನ್ನೇ.

ಬೈಬಲಿನ ಯೆಹೋಶುವನ ಪುಸ್ತಕದ ನಾಲ್ಕನೇ ಅಧ್ಯಾಯವೂ ಹಾಗೇ. ಯೊರ್ದನ್ ಹೊಳೆ ಬತ್ತಿ ಇಸ್ರಾಯೇಲ್ ಜನರಿಗೆ ದಾರಿ ಬಿಟ್ಟಾಗ, ಕುಲಕ್ಕೊಬ್ಬರಂತೆ ಹನ್ನೆರಡು ಜನ ಹೊಳೆಯ ನಡುವಿನಿಂದ ಹನ್ನೆರಡು ಕಲ್ಲು ಹೊತ್ತು ತರುತ್ತಾರೆ. ಅವು ಗಿಲ್ಗಾಲ್ ಎಂಬ ಜಾಗದಲ್ಲಿ ನಿಲ್ಲುತ್ತವೆ. ಯಾಕೆ? ಮುಂದೆ ಮಕ್ಕಳು "ಈ ಕಲ್ಲು ಯಾಕೆ?" ಎಂದು ಕೇಳಿದಾಗ ಹೇಳುವುದಕ್ಕೆ. ನನಗೆ ಇದು ಕಲಿಸುವವರಿಗೆಂದೇ ಬರೆದ ಅಧ್ಯಾಯದಂತೆ ಕಾಣುತ್ತದೆ. ನೀರು ನಿಲ್ಲಿಸಿದ ಭದ್ರಾ ನಾಲೆಯ ತಳ ನೋಡಿದ ದಾವಣಗೆರೆಯ ಮಗುವಿಗೆ ಬತ್ತಿದ ಹೊಳೆಯನ್ನು ಬಣ್ಣಿಸಬೇಕಾಗಿಲ್ಲ. ಚಿತ್ರದುರ್ಗದ ಕಡೆಯವರಿಗಂತೂ ಕಲ್ಲಿಗೆ ಬರವಿಲ್ಲ. ಮಕ್ಕಳು ಒಂದೊಂದು ಕಲ್ಲು ತರಲಿ, ಕೋಣೆಯ ಮೂಲೆಯಲ್ಲಿ ಒಟ್ಟಿ ಇಡಿ. ಹೊಸ ಮಗು ಸೇರಿದಾಗ ಅದರ ಕಥೆಯನ್ನು ಹಳೆಯ ಮಕ್ಕಳೇ ಹೇಳಲಿ.

ಮನೆಗೆ ಒಂದೇ ಪ್ರಶ್ನೆ

ಮಕ್ಕಳಿಗೆ ಶಾಲೆಯ ಹೋಂವರ್ಕೇ ಸಾಕಷ್ಟಿರುತ್ತದೆ, ಇನ್ನೊಂದು ನೋಟ್‌ಬುಕ್ ಹೊರಿಸಬೇಡಿ. ಬೈಬಲಿನ ಧರ್ಮೋಪದೇಶಕಾಂಡದ ಆರನೇ ಅಧ್ಯಾಯ ಹೇಳುವುದೂ ದೇವರ ಮಾತಿನ ಬಗ್ಗೆ ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಾತಾಡಿ ಅಂತ. ಭಾನುವಾರ ಸಂಜೆ ತಂದೆತಾಯಿಯರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಪ್ರಶ್ನೆ ಹಾಕಿ. ಸೋಮವಾರ ರೊಟ್ಟಿ ತಟ್ಟುತ್ತಾ ಅಮ್ಮ ಕೇಳಿದರೂ ಆಯಿತು. ಮೊದಲ ದಿನದ ಮರೆವಿಗೆ ಅಲ್ಲೇ ತಡೆ ಬೀಳುತ್ತದೆ. ಫೋನ್ ಇಲ್ಲದ ಮನೆಗೆ ಚೀಟಿಯಲ್ಲಿ ಬರೆದು ಮಗುವಿನ ಕೈಗೆ ಕೊಡಿ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಬರುವ ಭಾನುವಾರ ಬೈಬಲ್ ತೆರೆಯುವ ಮೊದಲು ಒಂದು ಪ್ರಶ್ನೆ ಕೇಳಿ, ಹತ್ತರವರೆಗೆ ಎಣಿಸಿ. ಡಬ್ಬಿ, ಚೀಟಿ ಆಮೇಲೆ ನೋಡಿಕೊಂಡರಾಯಿತು.